ಕಟ್ಟಿನ ಮೇಲಿನ ತಾರೀಖು

೨೦೨೫ ಜುಲೈ ೧೨, ಶನಿವಾರ, ಬೆಳಿಗ್ಗೆ ಏಳು ನಲವತ್ತು. ಡಚ್ಚರ ನಾಡಿನ ಜೂಟರ್‌ಮೀರ್ ಊರಲ್ಲಿ ನಮ್ಮ ಬಾಡಿಗೆ ಮನೆಯ ಅಡುಗೆ ಮೇಜಿನ ಮೇಲೆ ನನ್ನ ಆರು ನೋಟುಬುಕ್ಕುಗಳನ್ನು ಹರಡಿಕೊಂಡು ಇದನ್ನು ಬರೆಯಲು ಕೂತಿದ್ದೇನೆ. ಹನ್ನೆರಡು ದಿನದ ಹಿಂದೆ ಹಳೆಯ ದಾಖಲೆ ಓದುವ ಕೆಲಸ ಬಿಟ್ಟೆ. ೨೦೨೧ರ ಸೆಪ್ಟೆಂಬರ್ ೬ರಂದು ಸೇರಿದ್ದೆ, ೨೦೨೫ರ ಜೂನ್ ೩೦ರಂದು ಹೊರಬಂದೆ. ನನಗಿನ್ನೂ ಇಪ್ಪತ್ತೊಂಬತ್ತು. ಜೊತೆಗಿರುವ ರಶ್ಮಿ, "ಪೆನ್ಷನ್ ಫಾರಂ ತುಂಬಿದ್ಯೇನೇ ಅಜ್ಜಿ?" ಎಂದು ದಿನಕ್ಕೊಂದು ಸಲ ಕಾಡುತ್ತಾಳೆ. ಆದರೂ ದಾಖಲೆ ಓದುವ ಆ ಕೋಣೆಗೆ ನಾನು ಮರಳುವುದಿಲ್ಲ, ಹಾಗಾಗಿ ಇದು ನಿವೃತ್ತಿಯೇ. ಕರ್ನಾಟಕದಿಂದ ಇತಿಹಾಸ ಓದಲು ಇಲ್ಲಿಗೆ ಬಂದು, ಮುಂದೆ ಇದೇ ಕೆಲಸಕ್ಕೆ ಸೇರುವವರು ಒಂದಿಬ್ಬರಾದರೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಸುರಿನಾಮ್ ಡಚ್ಚರ ವಸಾಹತಾಗಿದ್ದ ಕಾಲದಲ್ಲಿ ಅಲ್ಲಿನ ಕಬ್ಬಿನ ತೋಟಗಳಲ್ಲಿ ಮೊದಲು ಗುಲಾಮರು ದುಡಿದರು. ಗುಲಾಮಗಿರಿ ಹೋದ ಮೇಲೆ ಭಾರತದಿಂದಲೂ ಜಾವಾದಿಂದಲೂ ಕರಾರಿನ ಮೇಲೆ ಹೋದ ಕೂಲಿಗಳು ದುಡಿದರು. ಆ ನಾಡಿಗೆ ಸಂವಿಧಾನದ ಜಾಗದಲ್ಲಿ ಇದ್ದದ್ದು ಡಚ್ ಸರ್ಕಾರ ಬರೆದುಕೊಟ್ಟ ಒಂದು ಆಡಳಿತ ನಿಯಮಾವಳಿ. ಗವರ್ನರನಿಗೆ ಎಷ್ಟು ಅಧಿಕಾರ, ತೋಟದ ಮಾಲೀಕರೇ ತುಂಬಿದ್ದ ಸಭೆಗೆ ಎಷ್ಟು, ಯಾರಿಗೆ ಮತ, ಯಾರ ದೂರು ಎಲ್ಲಿಯವರೆಗೆ ಹೋಗಬಹುದು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಆಗಾಗ ತಿದ್ದಿದರು. ನಮ್ಮ ಸಂಶೋಧನಾ ಯೋಜನೆಯ ಪ್ರಶ್ನೆ ಒಂದೇ: ಹಾಗೆ ತಿದ್ದಿಸಿದವರು ಯಾರು? ಹೇಗ್ ನಗರದಲ್ಲಿ ಕೂತ ಡಚ್ ಮಂತ್ರಿಗಳಿಗೆ ತಾವಾಗಿಯೇ ಹೊಳೆಯಿತೇ, ಇಲ್ಲ ತೋಟಗಳಲ್ಲಿ ಕಬ್ಬಿನ ಕತ್ತಿ ಕೆಳಗಿಟ್ಟು ಕೆಲಸ ನಿಲ್ಲಿಸಿದ ಜನ ಹೊಳೆಯುವಂತೆ ಮಾಡಿದರೇ? ನನ್ನ ಪಾಲಿಗೆ ಬಂದದ್ದು ಒಂದು ಕಲಮು. ಕೂಲಿಗಳು ತಮ್ಮ ಜಿಲ್ಲೆಯ ಅಧಿಕಾರಿಯನ್ನು ದಾಟಿ ಮೇಲಿನವರಿಗೆ ದೂರು ಕೊಡಬಹುದು ಎಂಬುದು ಅದರ ಸಾರ. ಯಾವ ವರ್ಷ, ಯಾವ ತೋಟಗಳು ಎಂದು ಇಲ್ಲಿ ಹೇಳುವುದಿಲ್ಲ. ವರದಿ ಹೊರಬರುವ ತನಕ ಹೇಳಬಾರದೆಂದು ಸಹಿ ಹಾಕಿದ್ದೇನೆ.

ಕೂಲಿಗಳ ಅರ್ಜಿಗಳನ್ನು ಹುಡುಕಿ, ಓದಿ, ತಾರೀಖಿನ ಪ್ರಕಾರ ಪಟ್ಟಿ ಮಾಡುವುದು ನನ್ನ ಕೆಲಸ. ಹೇಗ್‌ನ ಸಚಿವಾಲಯದಲ್ಲಿ ಆ ಕಲಮಿನ ಕರಡು ತಯಾರಾದ ದಿನ ನಮಗೆ ಗೊತ್ತಿತ್ತು. ಅದಕ್ಕೆ ಮೊದಲು ಎಷ್ಟು ಅರ್ಜಿ ಬಂದವು, ಆಮೇಲೆ ಎಷ್ಟು ಬಂದವು ಎಂಬ ಎಣಿಕೆಯ ಮೇಲೆ ಇಡೀ ಅಧ್ಯಾಯ ನಿಂತಿತ್ತು. ಆ ಅಧ್ಯಾಯದ ಮೇಲೆ ನನ್ನ ಮುಂದಿನ ಎರಡು ವರ್ಷದ ಕರಾರು, ಕರಾರಿನ ಮೇಲೆ ನನ್ನ ವಾಸದ ಪರವಾನಗಿ.

ಸೇರಿದ ಮೊದಲ ದಿನವೇ ಒಂದು ತಪ್ಪು ಮಾಡಿದೆ. ಜೇಬಿನಲ್ಲಿ ಇಂಕ್ ಪೆನ್ನು ಇಟ್ಟುಕೊಂಡು ಓದುವ ಕೋಣೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಪೆನ್ಸಿಲ್ ಮಾತ್ರ. ಹಳೆಯ ರಿಜಿಸ್ಟರುಗಳನ್ನು ನೋಡಿಕೊಳ್ಳುವ ಹೆಂಕ್ ಎಂಬ ಹಿರಿಯರು ನನ್ನ ಮುಂದೆ ಬಂದು ನಿಂತು, ಅಂಗೈ ಚಾಚಿದರು. ಕೈಕುಲುಕಲು ಬಂದಿದ್ದಾರೆ ಎಂದುಕೊಂಡು ನಾನು ಕೈ ಕೊಟ್ಟೆ. "ಕೈ ಆಮೇಲೆ, ಮೊದಲು ಪೆನ್ನು" ಅಂದರು. ಅವರಿಗೆ ಆಗ ಅರವತ್ತು. ಅಂದಿನಿಂದ ನಾನು ಬಾಗಿಲಲ್ಲಿ ನಿಂತು ಜೇಬುಗಳನ್ನು ಮೂರು ಸಲ ಮುಟ್ಟಿ ನೋಡಿ ಒಳಗೆ ಹೋಗುತ್ತಿದ್ದೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಮೊನ್ನೆ ಸೂಪರ್‌ಮಾರ್ಕೆಟ್ ಬಾಗಿಲಲ್ಲೂ ಹಾಗೇ ಮಾಡಿದೆ.

ಮೊದಲ ವರ್ಷ ಕೈಬರಹದ ಕಾಗದಗಳನ್ನು ಒಂದೊಂದಾಗಿ ಓದಿ ಟೈಪ್ ಮಾಡುತ್ತಿದ್ದೆವು. ದಿನಕ್ಕೆ ಹನ್ನೊಂದು ಪುಟವಾದರೆ ಒಳ್ಳೆಯ ದಿನ. ಆ ನಿಧಾನದಲ್ಲಿ ಸಿಕ್ಕಿದ್ದನ್ನು ಈಗಲೂ ಮರೆತಿಲ್ಲ. ಒಂದು ಅರ್ಜಿ ಬಹಳ ವಿನಯದ ಡಚ್ಚಿನಲ್ಲಿತ್ತು: ದಿನದ ಕೆಲಸದ ಪಾಲನ್ನು ದಯವಿಟ್ಟು ಕಡಿಮೆ ಮಾಡಬೇಕೆಂದು ನಮ್ರವಾಗಿ ಬೇಡುತ್ತೇವೆ, ಹೀಗೆ. ಅಂಚಿನಲ್ಲಿ ಅದನ್ನು ಭಾಷಾಂತರಿಸಿದವನ ಸಣ್ಣ ಷರಾ: ಇವರು ಹೇಳಿದ ಮಾತು ಇದಕ್ಕಿಂತ ಗಡುಸು. ಅಷ್ಟೇ. ಏನು ಹೇಳಿದ್ದರೆಂದು ಬರೆದಿಲ್ಲ. ನಮ್ಮ ಕೈಗೆ ಬರುವ ಸಿಟ್ಟೆಲ್ಲ ಯಾರೋ ಇಸ್ತ್ರಿ ಹಾಕಿ ಕಳಿಸಿದ್ದು ಎಂದು ಆ ದಿನ ಗೊತ್ತಾಯಿತು. ಆಮೇಲೆ ಪ್ರತಿ "ನಮ್ರವಾಗಿ" ಎಂಬ ಪದದ ಮುಂದೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡತೊಡಗಿದೆ.

ಇನ್ನೊಂದು ಸಂಗತಿ ತಿಳಿಯಲು ಎರಡನೆಯ ವರ್ಷ ಬೇಕಾಯಿತು. ತೋಟದಲ್ಲಿ ಕೆಲಸ ನಿಂತಾಗಲೆಲ್ಲ ಎರಡು ಅರ್ಜಿ ಹೊರಡುತ್ತಿದ್ದವು. ಕೂಲಿಗಳದ್ದು ಒಂದು: ಕೆಲಸದ ಪಾಲು ಇಳಿಸಿ, ಹೊಡೆಯುವ ಮೇಸ್ತ್ರಿಯನ್ನು ತೆಗೆಯಿರಿ. ಮಾಲೀಕರದ್ದು ಇನ್ನೊಂದು: ನೋಡಿ, ಇಲ್ಲಿ ಶಾಂತಿಯಿಲ್ಲ, ನಮ್ಮ ಸಭೆಗೆ ಹೆಚ್ಚು ಅಧಿಕಾರ ಕೊಡಿ, ಪೊಲೀಸರನ್ನು ಕೊಡಿ. ಕೆಳಗಿನವರ ಜಗಳವನ್ನೇ ತೋರಿಸಿ ಮೇಲಿನವರು ತಮ್ಮ ಹಕ್ಕು ಬೆಳೆಸಿಕೊಳ್ಳುತ್ತಿದ್ದರು. ನಿಯಮಾವಳಿಯ ತಿದ್ದುಪಡಿ ಓದಿದರೆ ಎರಡೂ ಅರ್ಜಿಗಳ ಗುರುತು ಒಂದೇ ಪುಟದಲ್ಲಿ ಸಿಗುತ್ತದೆ, ಅಕ್ಕಪಕ್ಕದ ಕಲಮುಗಳಲ್ಲಿ. ನಮ್ಮ ಮೇಲಧಿಕಾರಿ ಮರೈಕೆಗೆ ಇದನ್ನು ತೋರಿಸಿದಾಗ ಅವರು ಕನ್ನಡಕ ತೆಗೆದು, "ಇದನ್ನು ಲೆಕ್ಕದಲ್ಲಿ ತೋರಿಸು. ಕಥೆಯಲ್ಲಿ ಬೇಡ" ಅಂದರು. ಅವರ ರೀತಿಯೇ ಹಾಗೆ. ಹೊಗಳಿದರೋ ಬೈದರೋ ಎಂದು ಮನೆ ಮುಟ್ಟುವವರೆಗೂ ಯೋಚಿಸುತ್ತಿರಬೇಕು.

ಲೆಕ್ಕದ ಕೆಲಸ ನನಗೆ ಇಷ್ಟವೇ. ಮೂರನೆಯ ನೋಟುಬುಕ್ಕಿನಿಂದ ಮುಂದೆ ಹೆಚ್ಚಾಗಿ ಪಟ್ಟಿಗಳೇ ಇವೆ.

೨೦೨೩ರ ಜನವರಿಯಲ್ಲಿ ಕೈಬರಹ ಓದುವ ಯಂತ್ರ ಬಂತು. ಕಾಗದವನ್ನು ಸ್ಕ್ಯಾನ್ ಮಾಡಿದರೆ ಸಾಕು, ಅದೇ ಓದಿ ಅಕ್ಷರ ಮಾಡಿ ಕೊಡುತ್ತಿತ್ತು. ದಿನಕ್ಕೆ ಹನ್ನೊಂದು ಪುಟ ಓದುತ್ತಿದ್ದವರು ನಾನೂರು ಪುಟ ನೋಡತೊಡಗಿದೆವು. ಅರ್ಜಿಗಳ ಮುಂಬದಿಯಲ್ಲಿ ತಾರೀಖು ಇರುತ್ತಿರಲಿಲ್ಲ, ಬೇರೆ ಕಾಗದಗಳದ್ದನ್ನು ಯಂತ್ರ ತಪ್ಪಾಗಿ ಓದುತ್ತಿತ್ತು, ಆದ್ದರಿಂದ ಕಾಗದಗಳನ್ನು ಕಟ್ಟಿ ಇಟ್ಟ ಕಟ್ಟಿನ ಮೇಲಿನ ತಾರೀಖನ್ನೇ ಪಟ್ಟಿಗೆ ಹಾಕುವುದು ಎಂದಾಯಿತು. ಆಗ ನಾನೊಂದು ಸಲಹೆ ಕೊಟ್ಟೆ. ಹೆಚ್ಚಿನ ಕಾಗದಗಳ ಹಿಂಬದಿ ಖಾಲಿ ಇರುತ್ತದೆ, ಒಂದೆರಡು ಅಂಕಿ ಬಿಟ್ಟರೆ ಏನೂ ಇರುವುದಿಲ್ಲ. ಹಿಂಬದಿಯನ್ನು ಸ್ಕ್ಯಾನ್ ಮಾಡದಿದ್ದರೆ ಅರ್ಧ ಸಮಯ ಉಳಿಯುತ್ತದೆ. ಮರೈಕೆ ಸಭೆಯಲ್ಲಿ ಎಲ್ಲರ ಮುಂದೆ, "ಇಂಥ ತಲೆ ಬೇಕು ನಮಗೆ" ಅಂದರು. ಅಂದು ಸಂಜೆ ನೋಟುಬುಕ್ಕಿನಲ್ಲಿ ಆ ಮಾತು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಈಗಲೂ ಇದೆ.

ಎರಡು ವರ್ಷದಲ್ಲಿ ಪಟ್ಟಿ ಮುಗಿಯಿತು. ನನ್ನ ಕಲಮಿಗೆ ಸಂಬಂಧಿಸಿದ ಅರ್ಜಿಗಳು ಒಟ್ಟು ಇಪ್ಪತ್ತಮೂರು. ಕರಡಿಗೆ ಮೊದಲು ಬಂದವು ನಾಲ್ಕು, ಆಮೇಲೆ ಬಂದವು ಹತ್ತೊಂಬತ್ತು. ಮರೈಕೆ ಅಧ್ಯಾಯ ಬರೆದರು: ಸಚಿವಾಲಯ ಸ್ವಂತ ಬುದ್ಧಿಯಿಂದ ಸುಧಾರಣೆಗೆ ಕೈಹಾಕಿತು, ಆ ಸುದ್ದಿ ತೋಟಗಳನ್ನು ಮುಟ್ಟಿ ಜನರಲ್ಲಿ ಆಸೆ ಹುಟ್ಟಿತು, ಆಸೆಯಿಂದ ಅರ್ಜಿಗಳು ಹೆಚ್ಚಿದವು. ಸೊಗಸಾದ ಅಧ್ಯಾಯ. ೨೦೨೫ರ ಮಾರ್ಚ್ ೧೪, ಶುಕ್ರವಾರ ಅಚ್ಚಿಗೆ ಹೋಗಬೇಕಿತ್ತು. ನನ್ನ ಕರಾರು ಮುಂದುವರಿಸುವ ಫಾರಂ ಅವರ ಮೇಜಿನ ಮೇಲೆ ಕಾಣುವ ಹಾಗೇ ಇತ್ತು. ವರದಿ ಹೋದ ಮರುದಿನ ಸಹಿ.

ಮಾರ್ಚ್ ೪, ಮಂಗಳವಾರ, ಸಂಜೆ ಏಳು ಗಂಟೆ. ರಶ್ಮಿ ಮೈಸೂರಿನವಳು, ಆಮ್ಸ್ಟೆಲ್‌ವೀನ್‌ನ ಒಂದು ಕಂಪನಿಯಲ್ಲಿ ಹಡಗಿನ ಸರಕು ಯಾವಾಗ ಎಲ್ಲಿ ಬರುತ್ತದೆಂದು ನೋಡುವ ಕೆಲಸ ಅವಳದು. ಊಟಕ್ಕೆ ಕೂತಾಗ ಲ್ಯಾಪ್‌ಟಾಪ್ ತಿರುಗಿಸಿ ನನ್ನ ಪಟ್ಟಿ ತೋರಿಸಿದೆ. ಜಂಬ ಕೊಚ್ಚಿಕೊಳ್ಳಲು, ಬೇರೆ ಕಾರಣವೇನಿರಲಿಲ್ಲ. ಅವಳು ಸೌಟು ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದಳು.

"ಇದೇನೇ, ಹತ್ತೊಂಬತ್ತಕ್ಕೂ ಒಂದೇ ಡೇಟು?"

"ಕಟ್ಟಿಂದು ಅದು."

"ಕಟ್ಟು ಗಿಟ್ಟು ಬಿಡು. ನಿನ್ನ ಜನ ಎಲ್ಲಾ ಮೀಟಿಂಗ್ ಮಾಡಿ ಒಂದೇ ದಿನ ಪೋಸ್ಟ್ ಹಾಕಿದ್ರಾ?"

"ಹಾಕಿರಬಹುದು ಬಿಡ. ಸುದ್ದಿ ಬಂತು, ಆಸೆ ಹುಟ್ಟಿತು, ಬರದ್ರು."

"ಸರಿ, ಹಾಕಿದ್ರು. ಒಂದೇ ದಿನ ಇಲ್ಲಿಗೆ ಬಂದು ಸೇರಿದ್ವಾ? ನಾನು ದಿನಾ ಹಡಗು ಕಾಯೋಳು ಕಣೇ. ಇವತ್ತಿನ ಹಡಗೇ ಹೇಳಿದ ದಿನ ಬರಲ್ಲ. ಏಳು ತೋಟ, ಹತ್ತೊಂಬತ್ತು ಕಾಗದ, ಒಂದೇ ದಿನ! ಅವರ ಹತ್ರ ಈಮೇಲ್ ಇತ್ತಾ ಧಾರವಾಡದ ಮೇಡಂ?"

ನಾನು ನಗಲು ನೋಡಿದೆ. ಅಧ್ಯಾಯಕ್ಕೆ ಕೊಟ್ಟ ಕೋಷ್ಟಕದಲ್ಲಿ ವರ್ಷ ಮಾತ್ರ ಇತ್ತು, ದಿನವಿರಲಿಲ್ಲ. ದಿನಗಳನ್ನು ಒಂದರ ಕೆಳಗೊಂದು ಇಟ್ಟು ಯಾರೂ ನೋಡಿರಲಿಲ್ಲ, ಪಟ್ಟಿ ಮಾಡಿದ ನಾನೂ ನೋಡಿರಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು ಹತ್ತೊಂಬತ್ತು ಸಾಲನ್ನೂ ಒಂದೊಂದಾಗಿ ನೋಡಿದೆ. "ತಿನ್ನೇ, ಹುಳಿ ಆರ್ತಿದೆ" ಎಂದು ರಶ್ಮಿ ಎರಡು ಸಲ ಹೇಳಿದಳು. ತಿಂದೆನೋ ಇಲ್ಲವೋ ನೆನಪಿಲ್ಲ. ಆ ದಿನದ ಪುಟದಲ್ಲಿ ಊಟದ ಸಾಲು ಇಲ್ಲ.

ಬುಧವಾರ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಒಂದೇ ತಾರೀಖಿನ ಸಂಗತಿಯನ್ನು ಹೆಂಕ್‌ಗೆ ಹೇಳಿದೆ. ಹೆಂಕ್ ಆ ಕಟ್ಟನ್ನು ತಂದು ಮೇಜಿನ ಮೇಲಿಟ್ಟು, ಮೇಲಿನ ಅರ್ಜಿಯನ್ನು ಎರಡು ಬೆರಳಲ್ಲಿ ತಿರುವಿ ಹಾಕಿದರು. ಹಿಂಬದಿಯಲ್ಲಿ ಮಸುಕಾದ ಒಂದು ಸಂಖ್ಯೆ, ಒಂದು ತಾರೀಖು. ಕಟ್ಟಿನ ತಾರೀಖಿಗಿಂತ ಎರಡೂವರೆ ವರ್ಷ ಹಿಂದಿನದು. ಕರಡಿಗಿಂತಲೂ ಹಿಂದಿನದು.

"ಇದು ನಿನಗೆ ಗೊತ್ತಿರಲಿಲ್ಲವಾ?" ಅಂದರು.

ಗೊತ್ತಿತ್ತು. ಡಚ್ ಸಚಿವಾಲಯಗಳಲ್ಲಿ ಫರ್‌ಬಾಲ್ ಎಂಬ ಪದ್ಧತಿ ಇತ್ತು. ಕಾಗದ ಬಂದ ದಿನ ಅದಕ್ಕೆ ಸಂಖ್ಯೆ ಹಾಕಿ ಆ ದಿನದ ಕಟ್ಟಿನಲ್ಲಿ ಇಡುತ್ತಾರೆ. ಮುಂದೆ ಅದೇ ವಿಷಯದಲ್ಲಿ ಏನಾದರೂ ತೀರ್ಮಾನವಾದರೆ ಹಳೆಯ ಕಾಗದವನ್ನು ಅಲ್ಲಿಂದ ಕಿತ್ತು ಹೊಸ ದಿನದ ಕಟ್ಟಿಗೆ ಸೇರಿಸುತ್ತಾರೆ. ಇನ್ನೊಂದು ತೀರ್ಮಾನವಾದರೆ ಇನ್ನೂ ಮುಂದಕ್ಕೆ. ಕೊನೆಗೆ ಎಲ್ಲ ಕಾಗದಗಳೂ ಅಂತಿಮ ತೀರ್ಮಾನದ ದಿನದಲ್ಲಿ ಬಂದು ಕೂರುತ್ತವೆ. ಹುಡುಕುವ ಗುಮಾಸ್ತನಿಗೆ ಅದು ಅನುಕೂಲ. ಆದರೆ ಕಟ್ಟಿನ ತಾರೀಖನ್ನೇ ನಂಬಿದವರಿಗೆ, ಮಂತ್ರಿ ಸಹಿ ಹಾಕುವ ದಿನದವರೆಗೆ ತೋಟದಲ್ಲಿ ಯಾರೂ ಬಾಯಿಯೇ ತೆರೆಯಲಿಲ್ಲ ಎಂದು ಕಾಣುತ್ತದೆ. ಹಸಿದು, ಹೊಡೆಸಿಕೊಂಡು, ಕೆಲಸ ನಿಲ್ಲಿಸಿ, ಜೈಲಿಗೂ ಹೋಗಿ ಬಂದವರು ಉಪಕಾರ ಸಿಕ್ಕ ಮೇಲೆ ಕೈಚಾಚಿದವರಾಗುತ್ತಾರೆ. ನಾನು ಮಾಡಿದ್ದು ಅದನ್ನೇ, ಅಚ್ಚುಕಟ್ಟಾದ ಕೋಷ್ಟಕದಲ್ಲಿ.

ಮನೆಗೆ ಬಂದು ಮೊದಲ ನೋಟುಬುಕ್ ತೆಗೆದೆ. ೨೦೨೧ ಸೆಪ್ಟೆಂಬರ್ ೯, ನಾಲ್ಕನೆಯ ಸಾಲು: "ಕಾಗದ ಮುಂದೆ ಹೋಗುತ್ತದೆ. ಹಿಂಬದಿ ನೋಡು. ಹೆಂಕ್ ಹೇಳಿದ್ದು." ನನ್ನದೇ ಅಕ್ಷರ. ಕೈಯಿಂದ ಓದುತ್ತಿದ್ದಾಗ ಹಾಗೇ ಮಾಡಿದ್ದೆ. ಕರಡಿಗೆ ಮೊದಲಿನವು ಎಂದು ಬಂದ ಆ ನಾಲ್ಕೂ ಮೊದಲ ವರ್ಷ ನಾನು ಕೈಯಿಂದ ಓದಿದವು. ಯಂತ್ರ ಬಂದ ಮೇಲೆ ಹಿಂಬದಿಯನ್ನೇ ಕೆಲಸದಿಂದ ತೆಗೆಸಿದವಳು ನಾನು.

ಅಂದು ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರು ಇಡೀ ಆಯುಷ್ಯ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿದ್ದವರು. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. "ಆವಕ ಶಿಕ್ಕಾ ನೋಡದs ತಾರೀಖ ಹೆಂಗ ಬರದಿ ನೀ? ಅಷ್ಟ ದೂರ ಹೋಗಿ ಇದನ್ನs ಕಲತೇನವಾ?" ಅಂದರು. ಆಮೇಲೆ, "ಸಾಹೇಬರಿಗೆ ಹೇಳಿಯೇನು?" ಎಂದು ಕೇಳಿದರು. ಇಲ್ಲ ಅಂದೆ.

ಹೇಳದೆ ಇರಬಹುದಿತ್ತು. ಅದನ್ನು ಮುಚ್ಚಿಡುವುದಿಲ್ಲ. ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ವರದಿ ಅಚ್ಚಾಗುತ್ತಿತ್ತು, ಫಾರಂಗೆ ಸಹಿ ಬೀಳುತ್ತಿತ್ತು, ಮುಂದೆ ಯಾವಾಗಲೋ ಒಂದು ತಿದ್ದೋಲೆ ಹಾಕಬಹುದಿತ್ತು. ಹೆಂಕ್ ಯಾರಿಗೂ ಹೇಳುವವರಲ್ಲ. ಬುಧವಾರ ಎರಡು ಪಟ್ಟಿ ಮಾಡಿದೆ, ಹೇಳಿದರೆ ಏನು, ಹೇಳದಿದ್ದರೆ ಏನು ಎಂದು. ಹೇಳದಿರುವ ಪಟ್ಟಿಯೇ ಉದ್ದವಾಯಿತು. ಅದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಗುರುವಾರ, ಮಾರ್ಚ್ ೬, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮರೈಕೆಯ ಬಾಗಿಲು ತಟ್ಟಿದೆ. ಆ ಒಂದು ಅರ್ಜಿಯ ಎರಡೂ ಬದಿಯ ಚಿತ್ರ ಮುಂದಿಟ್ಟೆ. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

"ಎಷ್ಟು?" ಅಂದರು.

"ಹತ್ತೊಂಬತ್ತು. ಬಹುಶಃ."

"ನಿನ್ನ ಬಾಯಲ್ಲಿ ಬಹುಶಃ ಅಂತ ಇವತ್ತೇ ಕೇಳಿದ್ದು." ಎದ್ದು ಹೋಗಿ ಕಾಫಿ ತಂದರು, ಒಂದೇ ಲೋಟ. ಕೂತು ಹೇಳಿದರು: "ಈಗ ಅಚ್ಚು ನಿಲ್ಲಿಸಿದರೆ ಈ ವರ್ಷ ವರದಿ ಇಲ್ಲ. ವರದಿ ಇಲ್ಲದಿದ್ದರೆ ನಿನ್ನ ಹುದ್ದೆಯನ್ನು ಮುಂದುವರಿಸುವ ಅಧಿಕಾರ ನನಗಿಲ್ಲ. ಇದು ನಿನಗೆ ಗೊತ್ತು ತಾನೆ?"

"ಗೊತ್ತು."

"ಗೊತ್ತಿದ್ದೂ ಇವತ್ತು ಬಂದೆ. ಮುಂದಿನ ವಾರ ಶನಿವಾರ ಬಂದಿದ್ದರೆ ಇಬ್ಬರಿಗೂ ಎಷ್ಟು ಸುಲಭವಾಗುತ್ತಿತ್ತು ನೋಡು."

ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. "ಹಿಂಬದಿ ಬೇಡ ಎಂದು ಸಲಹೆ ಕೊಟ್ಟವಳು ನಾನೇ" ಅಂದೆ. "ಒಪ್ಪಿದವಳು ನಾನು" ಎಂದು ಅವರು ಮೇಜಿನ ಮೇಲಿದ್ದ ಫಾರಂ ತೆಗೆದು ಖಾನೆಗೆ ಹಾಕಿ ಫೋನ್ ಎತ್ತಿಕೊಂಡರು. ಅಚ್ಚಿನವರಿಗೆ ಎಂದು ಮಾತು ಕೇಳಿ ಗೊತ್ತಾಯಿತು. ಅಷ್ಟರಲ್ಲಿ ನಾನು ಬಾಗಿಲ ಹತ್ತಿರ ಇದ್ದೆ.

ಉಳಿದದ್ದು ಜೂನ್ ೩೦ರವರೆಗಿನ ಸಮಯ. ಹೆಂಕ್ ಮತ್ತು ನಾನು ಪ್ರತಿ ಅರ್ಜಿಯ ಹಿಂಬದಿಯ ಸಂಖ್ಯೆಯನ್ನು ಸಚಿವಾಲಯಕ್ಕೆ ಬಂದ ಕಾಗದಗಳನ್ನೆಲ್ಲ ದಾಖಲಿಸುವ ಆವಕ ರಿಜಿಸ್ಟರಿನಲ್ಲಿ ಹುಡುಕಿದೆವು. ಪುಟ ಮಗುಚದಂತೆ ಅದರ ಮೇಲೆ ಸೀಸ ತುಂಬಿದ ಬಟ್ಟೆಯ ಹಗ್ಗ ಇಟ್ಟು, ಅವರು ಸಂಖ್ಯೆ ಓದುವುದು, ನಾನು ಗುರುತು ಹಾಕುವುದು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಒಂದೇ ಪುಟದಲ್ಲಿ ಐದು ಸಿಕ್ಕವು. ಹೆಂಕ್ ಕುರ್ಚಿಗೆ ಒರಗಿ, "ಇವರಿಗೆ ಉತ್ತರವೇ ಹೋಗಿಲ್ಲ. ಎರಡು ವರ್ಷ ಕಪಾಟಿನಲ್ಲಿ ಇಟ್ಟು, ಕಾನೂನು ಬರೆಯುವಾಗ ತೆಗೆದಿದ್ದಾರೆ" ಅಂದರು. ಕರಡಿನ ಕೆಲವು ವಾಕ್ಯಗಳು ಆ ಅರ್ಜಿಗಳಿಂದಲೇ ಎತ್ತಿದವು ಎಂಬುದೂ ಆಗ ಕಂಡಿತು. ವಿನಯದ ಮಾತುಗಳನ್ನು ಮಾತ್ರ ಕೈಬಿಟ್ಟಿದ್ದರು.

ಈ ನಡುವೆ ಬೇರೆ ಕೆಲಸಕ್ಕೆ ಇಪ್ಪತ್ತಾರು ಅರ್ಜಿ ಹಾಕಿದೆ. ಪ್ರತಿ ಬೆಳಿಗ್ಗೆ ಟ್ರಾಮಿನಲ್ಲಿ ಈಮೇಲ್ ತೆರೆಯುವ ಮುನ್ನ ನಿಲ್ದಾಣಗಳನ್ನು ಎಣಿಸುತ್ತಿದ್ದೆ, ಮೂರನೆಯದು ಬಂದ ಮೇಲೆ ತೆರೆಯಬೇಕು ಎಂದು. ಜೂನ್ ಮೂರನೆಯ ವಾರ ಐಂಡ್‌ಹೋವನ್‌ನ ಒಂದು ಕಂಪನಿ ಕರೆಯಿತು. ಯಂತ್ರಗಳ ಕೈಪಿಡಿ ತಿದ್ದುವ ಕೆಲಸ. ಆಗಸ್ಟ್‌ನಲ್ಲಿ ಸೇರಬೇಕು. ಹೊಸ ಪರವಾನಗಿಯ ಕಾಗದ ಈ ಬೆಳಿಗ್ಗೆಯವರೆಗೂ ಬಂದಿಲ್ಲ.

ಹೊಸಬರಿಗೆ ಹೇಳುವುದು ಹೆಚ್ಚಿಲ್ಲ. ಕಾಗದ ತಿರುಗಿಸಿ ನೋಡಿ. ಪಟ್ಟಿ ಚೆನ್ನಾಗಿ ಬಂದ ದಿನ ಅದನ್ನು ಇತಿಹಾಸ ಓದದ ಯಾರಿಗಾದರೂ ಊಟದ ಹೊತ್ತಿನಲ್ಲಿ ತೋರಿಸಿ. ಮೇಲಧಿಕಾರಿಗೆ ಹೇಳುವ ದಿನ ಒಂಟಿಯಾಗಿ ಹೋಗಿ, ಚಿತ್ರ ಜೊತೆಗಿರಲಿ.

ಹತ್ತೊಂಬತ್ತರಲ್ಲಿ ಹದಿನಾರರ ನಿಜವಾದ ತಾರೀಖು ಸಿಕ್ಕಿತು. ಹದಿನಾರೂ ಕರಡಿಗಿಂತ ಮೊದಲಿನವು. ಮರೈಕೆ ಅಧ್ಯಾಯವನ್ನು ಮೊದಲಿಂದ ಬರೆಯುತ್ತಿದ್ದಾರೆ. "ಸ್ವಂತ ಬುದ್ಧಿಯಿಂದ" ಎಂಬುದು ಹೋಗಿದೆ. ಉಳಿದ ಮೂರು ಅರ್ಜಿಗಳು ಹರಿದಿದ್ದವೆಂದು ಹಿಂದೆ ಯಾರೋ ಅವುಗಳ ಬೆನ್ನಿಗೆ ದಪ್ಪ ಕಾಗದ ಅಂಟಿಸಿದ್ದಾರೆ. ಬಿಡಿಸಲು ಹೋದರೆ ಪುಡಿಯಾಗುತ್ತವೆ. ಬೆಳಕಿಗೆ ಹಿಡಿದರೆ ಏನೋ ಬರೆದದ್ದು ಕಾಣುತ್ತದೆ, ಓದಲಾಗುವುದಿಲ್ಲ. ರಿಜಿಸ್ಟರಿನಲ್ಲಿ ಅವು ಇರಬಹುದಾದ ಭಾಗ ನೀರು ಕುಡಿದು ಅಂಟಿಕೊಂಡಿದೆ. ಪುರಾವೆ ಇಲ್ಲದಿದ್ದರೆ ಕಟ್ಟಿನ ತಾರೀಖೇ ನಿಲ್ಲಬೇಕು ಎಂಬುದು ಮರೈಕೆಯ ನಿಯಮ, ಅದನ್ನು ತಪ್ಪೆನ್ನಲಾರೆ. ಹಾಗಾಗಿ ಹೊಸ ಕೋಷ್ಟಕದಲ್ಲಿ ಮೊದಲು ಇಪ್ಪತ್ತು, ಆಮೇಲೆ ಮೂರು. ಆ ಮೂರೂ ಹೆಂಗಸರು ಬೆರಳೊತ್ತಿದ ಅರ್ಜಿಗಳು. ಗಂಡಸರು ಮೊದಲು ಎದ್ದರು, ಹೆಂಗಸರು ಕಾನೂನು ಬಂದ ಮೇಲೆ ಬಂದರು ಎಂದು ನಾಳೆ ಯಾರಾದರೂ ಆ ಸಾಲಿನಿಂದ ಬರೆಯಬಹುದು. ನಾನೇ ಆಗಿದ್ದರೆ ಬರೆಯುತ್ತಿದ್ದೆ.

ವರದಿ ಮುಂದಿನ ವಸಂತದಲ್ಲಿ ಮತ್ತೆ ಅಚ್ಚಿಗೆ ಹೋಗುತ್ತದೆ. ಸುರಿನಾಮ್‌ನಿಂದ ಬಂದ ಎಷ್ಟೋ ಕುಟುಂಬಗಳು ಹೇಗ್‌ನಲ್ಲಿ, ಇದೇ ಜೂಟರ್‌ಮೀರ್‌ನಲ್ಲಿ ನಮ್ಮ ನೆರೆಹೊರೆಯಲ್ಲೇ ಇವೆ. ನಿಮಗೆ ಪರಿಚಯದವರಿದ್ದರೆ ಕೇಳಿ ನೋಡಿ. ಕಬ್ಬು ಕಡಿಯುತ್ತಿದ್ದ ಹೆಂಗಸರು ಸೇರಿ ಕೊಟ್ಟ ದೂರಿನ ನಕಲು, ಅದು ತಲುಪಿತೆಂಬ ಚೀಟಿ, ಅದನ್ನು ಬರೆದುಕೊಟ್ಟವನ ಪತ್ರ, ತಾರೀಖು ಇರುವ ಯಾವ ತುಂಡಾದರೂ ಸರಿ. ಅಂಟಿದ ಕಾಗದದ ಹಿಂದಿನ ಬರಹ ಓದುವ ಉಪಾಯ ಗೊತ್ತಿರುವವರೂ ಹೇಳಿ. ಈ ಬರಹವನ್ನು ನೀವು ಓದಿದ ಪತ್ರಿಕೆಗೇ ಬರೆದರೆ ನನಗೆ ತಲುಪಿಸುತ್ತಾರೆ, ನಾನು ಹೆಂಕ್‌ಗೆ ಮುಟ್ಟಿಸುತ್ತೇನೆ. ಎರಡೂ ಬದಿಯ ಚಿತ್ರ ತೆಗೆದು ಕಳಿಸಿ.